ಒಂದೇ ಕಪಾಟಿನಲ್ಲಿ ಇಡೀ ಆರ್ಕೆಸ್ಟ್ರಾ: ಆರ್ಕೆಸ್ಟ್ರಿಯನ್ ಯಂತ್ರಗಳ ಬಗ್ಗೆ ಮಾತಾಡೋಣ

ಕೊಳವೆ ಕಿವಿ (ಚರ್ಚೆ ಶುರು ಮಾಡಿದವರು)

ಈ ವೇದಿಕೆಯಲ್ಲಿ ಗ್ರಾಮಫೋನ್, ವಾಲ್ವ್ ರೇಡಿಯೋ, ಸ್ಪೂಲ್ ಟೇಪ್ ಬಗ್ಗೆ ಸಾಕಷ್ಟು ಮಾತಾಗಿದೆ. ಆದರೆ ರೆಕಾರ್ಡಿಂಗ್ ಅನ್ನೋದೇ ಇಲ್ಲದ ಕಾಲದಲ್ಲಿ, ಒಬ್ಬ ವಾದಕನೂ ಇಲ್ಲದೆ ಇಡೀ ವಾದ್ಯಮೇಳ ನುಡಿಸುತ್ತಿದ್ದ ಯಂತ್ರಗಳ ಬಗ್ಗೆ ಇಲ್ಲಿ ಏನೂ ಸಿಗಲಿಲ್ಲ. ಅದಕ್ಕೇ ಈ ಚರ್ಚೆ.

ಇವಕ್ಕೆ ಆರ್ಕೆಸ್ಟ್ರಿಯನ್ ಅಂತ ಹೆಸರು. ಹೊರಗಿನಿಂದ ನೋಡಿದರೆ ಕೆತ್ತನೆಯ ಮರದ ಕಪಾಟು. ಕೆಲವು ಚಾವಣಿ ಮುಟ್ಟುವಷ್ಟು ಎತ್ತರ. ಒಳಗೆ ಸಾಲುಸಾಲು ಆರ್ಗನ್ ಕೊಳವೆಗಳು, ಡ್ರಮ್, ಸಿಂಬಲ್, ಟ್ರಯಾಂಗಲ್, ಗಂಟೆಗಳು. ಆಮೇಲಿನ ಮಾದರಿಗಳಲ್ಲಿ ಪಿಯಾನೋ, ಕ್ಸೈಲೋಫೋನ್ ಕೂಡ ಇರುತ್ತವೆ. ಯಾವ ಸ್ವರ ಯಾವಾಗ ಬರಬೇಕು ಅನ್ನುವುದನ್ನು ಮೊಳೆ ಹೊಡೆದ ಮರದ ಉರುಳೆಯೋ, ತೂತು ಹಾಕಿದ ಕಾಗದದ ಸುರುಳಿಯೋ ಹೇಳುತ್ತದೆ. ಕೊಳವೆಗೆ ಗಾಳಿ ತುಂಬುವುದು ತಿದಿಯ ಕೆಲಸ. ಹಳೆಯವು ಗಡಿಯಾರದ ಹಾಗೆ ತೂಕದ ಗುಂಡಿನ ಬಲದಿಂದ ನಡೆಯುತ್ತಿದ್ದವು, ಆಮೇಲೆ ಎಲೆಕ್ಟ್ರಿಕ್ ಮೋಟಾರು ಬಂತು.

ಇವು ಹೆಚ್ಚಾಗಿ ಬೆಳೆದದ್ದು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲಿ. ಅಲ್ಲಿ ಹಳ್ಳಿಹಳ್ಳಿಯಲ್ಲೂ ಮರದ ಗಡಿಯಾರ ಮಾಡುವವರಿದ್ದರು. ಗಡಿಯಾರಕ್ಕೆ ಗಂಟೆ ಸೇರಿಸಿದರು, ಗಂಟೆಯ ಜೊತೆ ಪುಟ್ಟ ಕೊಳಲು ಸೇರಿಸಿದರು. ಕೊನೆಗೆ ಕೊಳಲೇ ದೊಡ್ಡದಾಗಿ ಗಡಿಯಾರ ಮರೆಯಾಯಿತು. ಮೈಕೇಲ್ ವೆಲ್ಟೆ ಹೀಗೆ ಸಂಗೀತ ಗಡಿಯಾರದ ಕೆಲಸ ಕಲಿತವರು. 1832ರಲ್ಲಿ ಫ್ಯೋರೆನ್‌ಬಾಕ್ ಊರಿನಲ್ಲಿ ಸ್ವಂತ ಕಾರ್ಖಾನೆ ಹಾಕಿದರು. 1849ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ತಮ್ಮ ಆರ್ಕೆಸ್ಟ್ರಿಯನ್ ತೋರಿಸಿದರು. 1862ರ ಲಂಡನ್ ಪ್ರದರ್ಶನಕ್ಕೆ ಇನ್ನೂ ದೊಡ್ಡದನ್ನು ಒಯ್ದರು. ಅಲ್ಲಿಂದಾಚೆ ಅರಮನೆ, ಹೋಟೆಲು, ಶ್ರೀಮಂತರ ಬಂಗಲೆಗಳಿಂದ ಬೇಡಿಕೆ ಬರತೊಡಗಿತು. 1872ರಲ್ಲಿ ಕಂಪನಿ ಫ್ರೈಬುರ್ಗ್‌ಗೆ ಸ್ಥಳಾಂತರವಾಯಿತು.

ಇನ್ನು ನನ್ನ ಮಾತು. ಇವನ್ನು ಆಟಿಕೆ ಅಂತಲೋ, ಗ್ರಾಮಫೋನಿನ ಅಜ್ಜ ಅಂತಲೋ ಬದಿಗಿಡುವುದು ನನಗೆ ಸರಿ ಕಾಣುವುದಿಲ್ಲ. ಗ್ರಾಮಫೋನ್ ಎಂದೋ ಎಲ್ಲೋ ಆದ ಸದ್ದನ್ನು ತಿರುಗಿ ಕೇಳಿಸುತ್ತದೆ. ಆರ್ಕೆಸ್ಟ್ರಿಯನ್‌ನಲ್ಲಿ ಸದ್ದು ಹುಟ್ಟುವುದೇ ಈಗ, ನಿಮ್ಮ ಕಣ್ಣ ಮುಂದೆ. ನಿಜವಾದ ಚರ್ಮದ ಮೇಲೆ ನಿಜವಾದ ಕೋಲು ಬೀಳುತ್ತದೆ. ಎದೆಗೆ ತಟ್ಟುವ ಆ ಡ್ರಮ್ಮಿನ ಪೆಟ್ಟು ಯಾವ ಸ್ಪೀಕರಿನಿಂದಲೂ ಹಾಗೆ ಬರುವುದಿಲ್ಲ. ನನ್ನ ಮಟ್ಟಿಗೆ ಇದು ವಾದ್ಯ. ಅದರ ಸುರುಳಿಗೆ ಸಂಗೀತ ಜೋಡಿಸಿದವರು ಕಲಾವಿದರು. ನಿಮಗೆಲ್ಲ ಏನನ್ನಿಸುತ್ತದೆ?

ಪಿಟೀಲು ಪ್ರಿಯೆ

ವಿಷಯ ಬಹಳ ಚೆನ್ನಾಗಿದೆ ಸರ್. ಆದರೆ ವಾದ್ಯ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನು ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಒಂದು ಸ್ವರವನ್ನು ಅಲುಗಾಡದೆ ಹಿಡಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. ನುಡಿಸುವವರು ತಮ್ಮ ಸ್ವರವನ್ನು ತಾವೇ ಕೇಳುತ್ತಾ, ಆ ಕ್ಷಣದಲ್ಲೇ ಸರಿಮಾಡಿಕೊಳ್ಳುತ್ತಾ ಹೋಗುತ್ತಾರೆ. ಆ ಕೇಳುವಿಕೆ ಯಂತ್ರಕ್ಕೆ ಎಲ್ಲಿಂದ ಬರಬೇಕು?

ಇನ್ನೊಂದು ಪ್ರಶ್ನೆ. ಆರ್ಕೆಸ್ಟ್ರಾ ಅಂದರೆ ಅರ್ಧಕ್ಕಿಂತ ಜಾಸ್ತಿ ಪಿಟೀಲಿನ ಬಳಗ. ಕೊಳವೆಗೆ ಗಾಳಿ ಊದಿದರೆ ಪಿಟೀಲಿನ ನಾದ ಹೇಗೆ ಬರುತ್ತದೆ? ಗಮಕ ಅಂತೂ ದೂರದ ಮಾತು.

ಗೇರ್ ಪೆಟ್ಟಿಗೆ

ಮೇಡಂ, ನಾದದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಇದು ನನ್ನ ಇಷ್ಟದ ಭಾಗ.

ಕೊಳವೆಯ ಉದ್ದ ಸ್ವರವನ್ನು ತೀರ್ಮಾನಿಸುತ್ತದೆ. ಅದರ ಅಗಲ ನಾದದ ಗುಣವನ್ನು ತೀರ್ಮಾನಿಸುತ್ತದೆ. ಅಗಲವಾದ ಕೊಳವೆ ಕೊಳಲಿನಂತೆ ದುಂಡಗೆ ಕೇಳುತ್ತದೆ. ಅದೇ ಉದ್ದದ ಸಪೂರ ಕೊಳವೆಯಲ್ಲಿ ಮೂಲ ಸ್ವರದ ಜೊತೆಗೆ ಮೇಲಿನ ಸ್ವರಗಳೂ ಜೋರಾಗಿ ಹುಟ್ಟುತ್ತವೆ. ಆಗ ತಂತಿಯ ಮೊನಚು ಬರುತ್ತದೆ. ಆದರೆ ಸಪೂರ ಕೊಳವೆ ಬಹಳ ಹಠಮಾರಿ. ಗಾಳಿ ಸ್ವಲ್ಪ ಜಾಸ್ತಿಯಾದರೆ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ಅದಕ್ಕೆ ಕೊಳವೆಯ ಬಾಯಿಯ ಮುಂದೆ ಒಂದು ಚಿಕ್ಕ ಲೋಹದ ಪಟ್ಟಿ ಕೂರಿಸಿ, ಒಂದೊಂದು ಕೂದಲೆಳೆ ಅಂತರದಲ್ಲಿ ಹೊಂದಿಸುತ್ತಾರೆ. ಪ್ಯಾರಿಸ್ಸಿನ ಗಾವಿಯೋಲಿ ಕಂಪನಿಯ ಆರ್ಗನ್‌ಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಇನ್ನೊಂದು ಉಪಾಯ ಅಂದರೆ ಒಂದೇ ಸ್ವರಕ್ಕೆ ಎರಡು ಕೊಳವೆ ಇಟ್ಟು, ಎರಡನೆಯದರ ಶ್ರುತಿಯನ್ನು ಬೇಕೆಂದೇ ಚೂರು ಏರಿಸುವುದು. ಎರಡೂ ಕೂಡಿದಾಗ ನಾದ ಅಲೆಅಲೆಯಾಗಿ ನಡುಗುತ್ತದೆ. ಕಣ್ಣು ಮುಚ್ಚಿದರೆ ಹಲವು ಪಿಟೀಲು ಒಟ್ಟಿಗೆ ನುಡಿಸಿದಂತೆ ಇರುತ್ತದೆ.

ಟ್ರಂಪೆಟ್, ಕ್ಲಾರಿನೆಟ್ ಕೊಳವೆಗಳ ಬುಡದಲ್ಲಿ ರೀಡು, ಅಂದರೆ ಗಾಳಿಗೆ ಅದುರುವ ತೆಳ್ಳನೆಯ ನಾಲಿಗೆ, ಇರುತ್ತದೆ. ಹಾರ್ಮೋನಿಯಂ ರೀಡು ಕಿಂಡಿಯ ಒಳಗೆ ಹಾದು ಹೋಗಿ ಬರುತ್ತದೆ. ಈ ರೀಡು ಕಿಂಡಿಯ ಅಂಚಿಗೆ ಬಡಿಯುತ್ತದೆ, ಅದಕ್ಕೇ ಸದ್ದು ಖಡಕ್ಕಾಗಿರುತ್ತದೆ. ಅದರ ಮೇಲೆ ಹಿತ್ತಾಳೆಯ ಶಂಕುವಿನಾಕಾರದ ಕೊಳವೆ ಕೂರಿಸಿದರೆ ಟ್ರಂಪೆಟ್, ಉದ್ದಕ್ಕೂ ಒಂದೇ ಅಗಲದ ಕೊಳವೆ ಕೂರಿಸಿದರೆ ಕ್ಲಾರಿನೆಟ್.

ಇನ್ನು ಕಾಗದದ ಸುರುಳಿ. ಅದು ಸಾಲು ತೂತುಗಳಿರುವ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಜಾರುತ್ತಾ ಹೋಗುತ್ತದೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕೂಡಲೇ ಒಳಗೆ ಗಾಳಿ ನುಗ್ಗುತ್ತದೆ. ಆ ಚೂರು ಗಾಳಿಗೆ ಸುತ್ತಿಗೆ ಎತ್ತುವ ಶಕ್ತಿ ಇಲ್ಲ. ಅದು ತೆಳ್ಳನೆಯ ಚರ್ಮದ ಪೊರೆಯೊಂದನ್ನು ಉಬ್ಬಿಸುತ್ತದೆ. ಪೊರೆ ಒಂದು ವಾಲ್ವನ್ನು ಎತ್ತುತ್ತದೆ. ವಾಲ್ವು ತೆರೆದಾಗ ದೊಡ್ಡ ಗಾಳಿಯ ಬಲ ಪುಟ್ಟ ತಿದಿಯೊಂದನ್ನು ಮುಚ್ಚಿ ಸುತ್ತಿಗೆಯನ್ನು ಎಳೆಯುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಟ್ರಾನ್ಸಿಸ್ಟರ್ ಮಾಡುವ ಕೆಲಸವನ್ನು ಇಲ್ಲಿ ಚರ್ಮ ಮಾಡುತ್ತದೆ! ಹೆಚ್ಚಿನ ಪಿಯಾನೋ ಆರ್ಕೆಸ್ಟ್ರಿಯನ್‌ಗಳಲ್ಲಿ ಎರಡು ಬಗೆಯ ಗಾಳಿ ಇರುತ್ತದೆ. ಸುರುಳಿ ಓದಲು, ಸುತ್ತಿಗೆ ಹೊಡೆಯಲು ಹೀರುವ ಗಾಳಿ. ಕೊಳವೆ ನುಡಿಸಲು ಊದುವ ಗಾಳಿ.

ಮರದ ಉರುಳೆಗಿಂತ ಕಾಗದ ಬಹಳ ಅಗ್ಗ. ಒಂದು ಉರುಳೆಗೆ ಸಾವಿರಾರು ಮೊಳೆಗಳನ್ನು ಕೈಯಿಂದ ಹೊಡೆಯಬೇಕಿತ್ತು. ಸಾಮಾನ್ಯವಾಗಿ ಅದು ಒಂದು ಸುತ್ತು ಬರುವುದರೊಳಗೆ ಹಾಡು ಮುಗಿಯಬೇಕಿತ್ತು. ಮೈಕೇಲ್ ವೆಲ್ಟೆಯವರ ಮಗ ಎಮಿಲ್ 1865ರಲ್ಲೇ ನ್ಯೂಯಾರ್ಕಿಗೆ ಹೋಗಿದ್ದರು. ಕಾಗದದ ಸುರುಳಿಯ ಪೇಟೆಂಟ್ ಪಡೆದದ್ದು 1883ರಲ್ಲಿ. ಆಮೇಲೆ ಹಾಡು ಎಷ್ಟು ಉದ್ದ ಬೇಕಾದರೂ ಆಗಬಹುದಾಯಿತು.

ಹಳೇ ರೇಡಿಯೋ

ಇದರಲ್ಲಿ ದೊಡ್ಡ ದೊಡ್ಡವರ ಹೆಸರೂ ಇದೆ. ಅದನ್ನು ಹೇಳದೆ ಇರಲಾಗುತ್ತಿಲ್ಲ.

ಮೊಜಾರ್ಟ್ 1790-91ರಲ್ಲಿ ಯಂತ್ರದ ಆರ್ಗನ್‌ಗೆ ಅಂತಲೇ ಮೂರು ಕೃತಿ ಬರೆದರು. ಅವುಗಳಲ್ಲಿ ಮೊದಲ ಎರಡು, ಕೆ. 594 ಮತ್ತು ಕೆ. 608 (ಮೊಜಾರ್ಟ್ ಕೃತಿಗಳ ಪಟ್ಟಿಯ ಸಂಖ್ಯೆಗಳು), ವಿಯೆನ್ನಾದ ಕೌಂಟ್ ಡೈಮ್ ಕೇಳಿ ಬರೆಸಿದ್ದು. ಡೈಮ್ ಮೇಣದ ಬೊಂಬೆಗಳ ಪ್ರದರ್ಶನ ಶಾಲೆ ನಡೆಸುತ್ತಿದ್ದರು. ಸೇನಾಪತಿ ಲೌಡನ್ ನೆನಪಿಗೆ ಕಟ್ಟಿದ ಮಂಟಪದಲ್ಲಿ ಯಂತ್ರ ಶೋಕಸಂಗೀತ ನುಡಿಸಬೇಕಿತ್ತು. ಮೊಜಾರ್ಟ್‌ಗೆ ಈ ಕೆಲಸ ಇಷ್ಟವಿರಲಿಲ್ಲ. ಯಂತ್ರದಲ್ಲಿರುವುದು ಬರೀ ಪುಟ್ಟ ಕೊಳವೆಗಳು, ಮಕ್ಕಳಾಟದಂತೆ ಕೀಚಲಾಗಿ ಕೇಳುತ್ತವೆ ಅಂತ ಹೆಂಡತಿಗೆ ಕಾಗದ ಬರೆದರು. ಆದರೂ ಕೆ. 608 ಕೇಳಿ ನೋಡಿ. ಎಫ್ ಮೈನರ್ ಶ್ರುತಿಯಲ್ಲಿ ಎಂಥಾ ಗಂಭೀರ ಕೃತಿ! ಇವತ್ತು ಅದನ್ನು ಚರ್ಚಿನ ದೊಡ್ಡ ಆರ್ಗನ್‌ನಲ್ಲಿ ಮನುಷ್ಯರೇ ನುಡಿಸುತ್ತಾರೆ, ಅದೂ ಕಷ್ಟಪಟ್ಟು. ಹತ್ತು ಬೆರಳಿಗೆ ಅಂತ ಬರೆದದ್ದಲ್ಲವಲ್ಲ.

ಬೀಥೋವನ್ ಕತೆ ಇನ್ನೂ ಸ್ವಾರಸ್ಯ. ಯೋಹಾನ್ ನೆಪೋಮುಕ್ ಮೇಲ್ಝೆಲ್ ಎಂಬ ತಂತ್ರಜ್ಞ ಪ್ಯಾನ್‌ಹಾರ್ಮೋನಿಕಾನ್ ಎಂಬ ಯಂತ್ರ ಕಟ್ಟಿದ್ದರು. ಟ್ರಂಪೆಟ್, ಕ್ಲಾರಿನೆಟ್, ಡ್ರಮ್ ಎಲ್ಲ ಸೇರಿಸಿ ಸೈನ್ಯದ ಬ್ಯಾಂಡ್ ಥರ ಮೊಳಗುವ ಯಂತ್ರ ಅದು. 1813ರ ಜೂನ್‌ನಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಗೆದ್ದ ಸುದ್ದಿ ಬಂತು. ಈ ಯಂತ್ರಕ್ಕೆ ಒಂದು ವಿಜಯಸಂಗೀತ ಬರೆದುಕೊಡಿ ಅಂತ ಮೇಲ್ಝೆಲ್ ಕೇಳಿದರು. ಬೀಥೋವನ್ ಬರೆದೂ ಕೊಟ್ಟರು. ಆಮೇಲೆ ಅದನ್ನು ನಿಜವಾದ ಆರ್ಕೆಸ್ಟ್ರಾಕ್ಕೆ ಹಿಗ್ಗಿಸಲಾಯಿತು. 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ, ಗಾಯಗೊಂಡ ಸೈನಿಕರ ಸಹಾಯಾರ್ಥ ಕಛೇರಿಯಲ್ಲಿ, ಅವರ ಏಳನೇ ಸಿಂಫನಿಯ ಜೊತೆಗೇ ಇದೂ ಮೊದಲ ಬಾರಿ ಮೊಳಗಿತು. ಆರ್ಕೆಸ್ಟ್ರಾವನ್ನು ಯಂತ್ರ ಅನುಕರಿಸುವುದು ಹೋಗಿ, ಯಂತ್ರದ ಸಂಗೀತವನ್ನು ಆರ್ಕೆಸ್ಟ್ರಾ ನುಡಿಸಿದ ಪ್ರಸಂಗ ಇದು. ಆಮೇಲೆ ಆ ಕೃತಿ ಯಾರದ್ದು ಅಂತ ಇಬ್ಬರೂ ಜಗಳವಾಡಿ ಕೋರ್ಟು ಮೆಟ್ಟಿಲು ಹತ್ತಿದರು.

ಕೊಳವೆ ಕಿವಿ

ಹಳೇ ರೇಡಿಯೋ ಅಣ್ಣಾ, ಮೇಲ್ಝೆಲ್ ಹೆಸರು ಬಂದ ಮೇಲೆ ವಿಂಕೆಲ್ ಹೆಸರೂ ಬರಲೇಬೇಕು. ಡೀಟ್ರಿಕ್ ನಿಕೋಲಸ್ ವಿಂಕೆಲ್ ಆಮ್‌ಸ್ಟರ್‌ಡಾಮ್‌ನಲ್ಲಿದ್ದ ತಂತ್ರಜ್ಞ. ಲಯ ತೋರಿಸುವ ಮೆಟ್ರೋನೋಮ್‌ನ ಮೂಲ ಉಪಾಯ ಅವರದ್ದು. ಮೇಲ್ಝೆಲ್ ಅದಕ್ಕೆ ಅಳತೆಪಟ್ಟಿ ಸೇರಿಸಿ 1815ರಲ್ಲಿ ತಮ್ಮ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡರು. ಇವತ್ತಿಗೂ ಮೇಲ್ಝೆಲ್ ಹೆಸರೇ ನಡೆಯುತ್ತಿದೆ. ನನಗೆ ಇದು ತುಂಬಾ ಬೇಸರದ ವಿಷಯ.

ಅದೇ ವಿಂಕೆಲ್ 1821ರಲ್ಲಿ ಕಾಂಪೋನಿಯಂ ಎಂಬ ಆರ್ಕೆಸ್ಟ್ರಿಯನ್ ಕಟ್ಟಿದರು. ಅದಕ್ಕೆ ಎರಡು ಉರುಳೆ. ಒಂದು ಉರುಳೆ ಎರಡು ಆವರ್ತ ನುಡಿಸುವಾಗ ಇನ್ನೊಂದು ಸದ್ದಿಲ್ಲದೆ ಪಕ್ಕಕ್ಕೆ ಜಾರಿ ಬೇರೊಂದು ಮಾರ್ಪಾಟು ಆರಿಸಿಕೊಳ್ಳುತ್ತದೆ. ಎಷ್ಟು ಜಾರಬೇಕು ಅನ್ನುವುದನ್ನು ಜೂಜಿನ ರೂಲೆಟ್‌ನಂಥ ಒಂದು ಚಕ್ರ ತೀರ್ಮಾನಿಸುತ್ತದೆ. ಮೂಲ ಧಾಟಿ ಒಂದೇ. ಆದರೆ ನುಡಿದ ಹಾಗೆಯೇ ಮತ್ತೆ ನುಡಿಯುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1824ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದಾಗ ಜನ ನಂಬಲಿಲ್ಲ. ಭೌತವಿಜ್ಞಾನಿ ಬಿಯೋ ಮತ್ತು ಸಂಗೀತಗಾರ ಕಾಟೆಲ್ ಪರೀಕ್ಷೆ ಮಾಡಿ, ಇದರಲ್ಲಿ ಮೋಸ ಇಲ್ಲ ಅಂತ ಹೇಳಬೇಕಾಯಿತು. ಆ ಯಂತ್ರ ಈಗ ಬ್ರಸೆಲ್ಸ್‌ನ ವಾದ್ಯಗಳ ಮ್ಯೂಸಿಯಂನಲ್ಲಿದೆ.

ಶ್ರೀರಂಗಪಟ್ಟಣದವ

ನಮ್ಮೂರಿನ ಟಿಪ್ಪು ಹುಲಿಯನ್ನು ಈ ಪಟ್ಟಿಗೆ ಸೇರಿಸಬಹುದಾ? ಸಿಪಾಯಿಯ ಮೇಲೆ ಎರಗಿದ ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್ ಇದೆ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ.

ಗೇರ್ ಪೆಟ್ಟಿಗೆ

ನೆಂಟ ಅಂತ ಹೇಳಬಹುದು, ಆದರೆ ಆರ್ಕೆಸ್ಟ್ರಿಯನ್ ಅಲ್ಲ. ಅದರ ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ನಡೆಯುತ್ತವೆ. ಹುಲಿಯ ಗುರುಗುಟ್ಟುವಿಕೆ, ಮನುಷ್ಯನ ಕೂಗು ಎರಡೂ ಬೇರೆ ಬೇರೆ ಕೊಳವೆಯಿಂದ ಬರುತ್ತವೆ. ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ 18 ಗುಂಡಿಗಳ ಪುಟ್ಟ ಆರ್ಗನ್ ಇದೆ. ಆದರೆ ಅದನ್ನು ಮನುಷ್ಯರೇ ಬೆರಳಿನಿಂದ ನುಡಿಸಬೇಕು, ಉರುಳೆ ಸುರುಳಿ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ನಿಗೆ ಹೋಯಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಜಖಂ ಆಗಿ, ಮತ್ತೆ ಜೋಡಿಸಿದ್ದಾರೆ.

ಮಲೆನಾಡ ಮಳೆ

ನನಗೆ ಅನ್ನಿಸಿದ್ದು ಹೇಳಲಾ? ಯುರೋಪಿಗೆ ಯಾಕೆ ಹೋಗಬೇಕು, ನಮ್ಮ ದೇವಸ್ಥಾನಗಳಲ್ಲೇ ಇದರ ತಮ್ಮ ಇದ್ದಾನೆ. ಮಂಗಳಾರತಿ ಹೊತ್ತಿಗೆ ಸ್ವಿಚ್ ಹಾಕಿದರೆ ನಗಾರಿ, ಜಾಗಟೆ, ಗಂಟೆ ಎಲ್ಲ ಒಟ್ಟಿಗೆ ಬಡಿಯುವ ಆ ಯಂತ್ರ. ಒಂದು ಮೋಟಾರು, ಬೆಲ್ಟು, ತಿರುಗುವ ಒಂದು ಸರಳು. ಸರಳಿನ ಮೇಲಿನ ಉಬ್ಬುಗಳು ಕೋಲುಗಳನ್ನು ಎತ್ತಿ ಬಿಡುತ್ತವೆ. ಮೊಳೆ ಹೊಡೆದ ಉರುಳೆಯ ತತ್ವ ಇದೇ ಅಲ್ವಾ?

ಆದರೆ ನನಗೆ ಅದನ್ನು ಕೇಳಿದರೆ ಸಂಕಟ ಆಗುತ್ತದೆ. ನಮ್ಮೂರಲ್ಲಿ ಮೊದಲು ನಗಾರಿ ಬಾರಿಸಲು ಒಂದು ಮನೆತನವೇ ಇತ್ತು. ಆರತಿ ಮೇಲೇರಿದ ಹಾಗೆ ಅವರ ಕೈಯೂ ವೇಗ ಹೆಚ್ಚಿಸುತ್ತಿತ್ತು. ಈಗ ಶುರುವಿನಿಂದ ಕೊನೆವರೆಗೂ ಒಂದೇ ಬಡಿತ. ಆರ್ಕೆಸ್ಟ್ರಿಯನ್ ಬಂದಾಗ ಯುರೋಪಿನ ವಾದಕರ ಕತೆ ಏನಾಯಿತು?

ಪಿಟೀಲು ಪ್ರಿಯೆ

ಮಲೆನಾಡ ಮಳೆಯವರ ಮಾತು ನನ್ನ ಮನಸ್ಸಿನಲ್ಲಿದ್ದದ್ದೇ. ಒಂದು ಯಂತ್ರ ಬಂದಾಗ ಯಾರ ಕೂಳಿಗೆ ಕುತ್ತು ಬಂತು ಅನ್ನುವುದನ್ನೂ ಕೇಳಬೇಕು.

ಹಳೇ ರೇಡಿಯೋ

ನ್ಯಾಯವಾದ ಪ್ರಶ್ನೆ. ಹೋಟೆಲು, ಬಿಯರ್ ಅಂಗಡಿ, ನೃತ್ಯದ ಹಾಲ್‌ಗಳಲ್ಲಿ ಕಾಸು ಹಾಕಿದರೆ ನುಡಿಯುವ ಆರ್ಕೆಸ್ಟ್ರಿಯನ್ ಇಡುವ ಉದ್ದೇಶವೇ ಬ್ಯಾಂಡಿಗೆ ಸಂಬಳ ಉಳಿಸುವುದು. ಅಮೆರಿಕದ ಮೂಕಿಚಿತ್ರ ಮಂದಿರಗಳಲ್ಲಿ ಫೋಟೋಪ್ಲೇಯರ್ ಅಂತ ಇತ್ತು. ಪಿಯಾನೋ, ಕೊಳವೆ, ಡ್ರಮ್ ಎಲ್ಲ ಸುರುಳಿಯಿಂದ ನುಡಿಯುತ್ತಿದ್ದವು. ಅದರ ಮುಂದೆ ಕೂತ ಒಬ್ಬರೇ ಆಳು ಹಗ್ಗ ಎಳೆದು ಕುದುರೆ ಓಟ, ಗುಂಡಿನ ಸದ್ದು ಸೇರಿಸುತ್ತಿದ್ದರು. ಹಲವರ ಕೆಲಸ ಒಬ್ಬರಿಗೆ ಬಂತು.

ಅದೇ ಹೊತ್ತಿಗೆ ಕೊಳವೆ ಮಾಡುವವರು, ಚರ್ಮ ಹಚ್ಚುವವರು, ಕೆತ್ತನೆಯವರು, ಸುರುಳಿ ಕೊರೆಯುವವರು ಅಂತ ಬೇರೆ ಕೈಗಳಿಗೆ ಕೆಲಸ ಸಿಕ್ಕಿತು. ಜರ್ಮನಿಯ ವಾಲ್ಡ್‌ಕಿರ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಬ್ರೂಡರ್, ರೂಟ್, ವೆಬರ್ ಅಂತ ಎಷ್ಟೊಂದು ಆರ್ಗನ್ ಮನೆತನಗಳು! ಇದರಿಂದ ಕೆಲಸ ಹೋದ ವಾದಕನ ಹೊಟ್ಟೆ ತುಂಬಲಿಲ್ಲ, ನಿಜ.

ಐಂಡ್‌ಹೋವನ್ ಕನ್ನಡಿಗ

ನಾನು ಕೆಲಸದ ಮೇಲೆ ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿ ಉಟ್ರೆಕ್ಟ್ ನಗರದಲ್ಲಿ ಸ್ಪೀಲ್‌ಕ್ಲಾಕ್ ಮ್ಯೂಸಿಯಂ ಇದೆ, ಬ್ಯೂರ್‌ಕೆರ್ಕ್ ಎಂಬ ಮಧ್ಯಕಾಲದ ಚರ್ಚ್ ಕಟ್ಟಡದಲ್ಲಿ. ರೈಲ್ವೆ ಸ್ಟೇಷನ್ನಿಂದ ನಡೆದೇ ಹೋಗಬಹುದು. ಇಲ್ಲಿಗೆ ಬರುವ ಕನ್ನಡಿಗರು ಟ್ಯುಲಿಪ್ ತೋಟ, ಗಾಳಿಯಂತ್ರ ನೋಡಿ ಹೊರಟುಬಿಡುತ್ತಾರೆ. ದಯವಿಟ್ಟು ಇದನ್ನೂ ನೋಡಿ. ಸುಮ್ನೆ ಗಾಜಿನ ಹಿಂದೆ ಇಟ್ಟಿಲ್ಲ, ಗೈಡ್ ಜೊತೆಗೆ ಹೋದರೆ ಒಂದೊಂದನ್ನೂ ನುಡಿಸಿ ತೋರಿಸುತ್ತಾರೆ.

ಪಿಟೀಲು ಪ್ರಿಯೆ ಮೇಡಂ, ಅಲ್ಲಿ ನೀವು ಕೇಳಲೇಬೇಕಾದದ್ದು ಹೂಪ್‌ಫೆಲ್ಡ್ ಕಂಪನಿಯ ಫೋನೋಲಿಸ್ಟ್ ವಿಯೋಲಿನಾ. ಲೈಪ್‌ಜಿಗ್‌ನಲ್ಲಿ ಮಾಡಿದ್ದು, 1908ರ ಹೊತ್ತಿನದು. 1910ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದರಂತೆ. ಇದರಲ್ಲಿ ಕೊಳವೆಯ ಅನುಕರಣೆ ಇಲ್ಲ. ಪಿಯಾನೋ ಮೇಲೆ ಒಂದು ಗೂಡು, ಅದರೊಳಗೆ ಮೂರು ನಿಜವಾದ ಪಿಟೀಲುಗಳು ನೆಟ್ಟಗೆ ನಿಂತಿವೆ. ಸುತ್ತಲೂ ಬಳೆಯಂಥ ಒಂದು ದುಂಡು ಕಮಾನು, ಅದರ ಒಳಬದಿಗೆ ಸಾವಿರಕ್ಕೂ ಹೆಚ್ಚು ಕುದುರೆ ಕೂದಲು. ಕಮಾನು ತಿರುಗುತ್ತಲೇ ಇರುತ್ತದೆ. ಸ್ವರ ಬೇಕಾದಾಗ ಪಿಟೀಲೇ ಮುಂದೆ ಬಾಗಿ ಕಮಾನಿಗೆ ತಾಗುತ್ತದೆ. ಒಂದೊಂದು ಪಿಟೀಲಿನಲ್ಲಿ ಒಂದೊಂದೇ ತಂತಿ ನುಡಿಯುತ್ತದೆ. ಪುಟ್ಟ ಯಾಂತ್ರಿಕ ಬೆರಳುಗಳು ತಂತಿ ಒತ್ತುತ್ತವೆ. ಜೋರಾಗಿ ಬೇಕಾದರೆ ಕಮಾನು ಬೇಗ ತಿರುಗುತ್ತದೆ, ಮೆತ್ತಗೆ ಬೇಕಾದರೆ ನಿಧಾನ.

ಅಮೆರಿಕದ ಷಿಕಾಗೋದಲ್ಲಿ ಮಿಲ್ಸ್ ಕಂಪನಿ ಮಾಡಿದ ವಿಯೋಲಾನೋ ಅಂತ ಇನ್ನೊಂದಿದೆ. ಅದರಲ್ಲಿ ಒಂದೇ ಪಿಟೀಲು, ನಾಲ್ಕು ತಂತಿಗೂ ಒಂದೊಂದು ತಿರುಗುವ ಪುಟ್ಟ ಚಕ್ರ. ಗಾಳಿ ಇಲ್ಲ, ಎಲ್ಲ ವಿದ್ಯುತ್ ಕಾಂತಗಳೇ. ಹಿಂದುಗಡೆ ಪಿಯಾನೋ.

ಪಿಟೀಲು ಪ್ರಿಯೆ

ನಿಮ್ಮ ಮಾತು ಓದಿ ವಿಯೋಲಿನಾದ ವಿಡಿಯೋ ಹುಡುಕಿ ಕೇಳಿದೆ. ಒಂದು ಸಲ ಕೇಳಿ ಬಿಡಲಾಗಲಿಲ್ಲ. ಪಿಟೀಲು ಹೇಳಿಕೊಡುವವಳಾಗಿ ನನಗೆ ಕಂಡದ್ದು ಇಷ್ಟು.

ನಮ್ಮ ಕಮಾನಿಗೆ ಒಂದು ಉದ್ದ ಇದೆ. ತುದಿ ಬಂದಾಗ ದಿಕ್ಕು ಬದಲಿಸಲೇಬೇಕು. ಆ ಮೇಲೆ-ಕೆಳಗೆ ಎಳೆತದಲ್ಲೇ ಸಂಗೀತದ ಉಸಿರು ಇರುತ್ತದೆ. ಈ ಯಂತ್ರದ ಕಮಾನಿಗೆ ತುದಿಯೇ ಇಲ್ಲ, ಒಂದೇ ದಿಕ್ಕು. ಹಾಗಾಗಿ ಸ್ವರ ಎಷ್ಟು ಹೊತ್ತು ಬೇಕಾದರೂ ಕಡಿಯದೆ ನಿಲ್ಲುತ್ತದೆ. ಅದು ಕೇಳಲು ವಿಚಿತ್ರ, ಆದರೆ ಚೆಂದ. ಮನುಷ್ಯರ ಕೈಯಿಂದ ಆಗದ್ದು. ಉಸಿರು ಮಾತ್ರ ಪಿಟೀಲು ಕಮಾನಿನಿಂದ ದೂರ ಸರಿಯುವ ಕಡೆ ಸಿಗುತ್ತದೆ. ಆ ಜಾಗಗಳನ್ನು ಸುರುಳಿ ಜೋಡಿಸಿದವರು ಬಹಳ ಯೋಚಿಸಿ ಇಟ್ಟಿದ್ದಾರೆ.

ಬೆರಳುಗಳು ಮಾತ್ರ ಗೊತ್ತುಮಾಡಿದ ಜಾಗದಲ್ಲೇ ಒತ್ತುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ. ಅಂದರೆ ಜಾರು ಇಲ್ಲ, ಕಂಪಿತವೂ ನಮ್ಮ ರೀತಿಯಲ್ಲಿ ಇಲ್ಲ. ನಮ್ಮ ತೋಡಿಯನ್ನೋ ಭೈರವಿಯನ್ನೋ ಈ ಯಂತ್ರಕ್ಕೆ ಕೊಟ್ಟರೆ ರಾಗವೇ ಉಳಿಯುವುದಿಲ್ಲ. ಇದು ಯಂತ್ರದ ದೋಷ ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಸಂಗೀತಕ್ಕೆ ಹುಟ್ಟಿದ್ದು.

ಕೊಳವೆ ಕಿವಿ

ಮೇಡಂ, ನೀವು ಹೇಳಿದ "ಯೋಚಿಸಿ ಇಟ್ಟಿದ್ದಾರೆ" ಅನ್ನುವ ಮಾತಿಗೇ ನಾನು ಕಾಯುತ್ತಿದ್ದೆ. ಆ ಕೇಳುವ ಕಿವಿ ಎಲ್ಲಿದೆ ಅಂತ ಮೊದಲು ಕೇಳಿದ್ದಿರಲ್ಲ. ಅದು ಸುರುಳಿ ಕೊರೆದವರಲ್ಲಿತ್ತು. ಅವರು ಮೇಜಿನ ಮೇಲೆ ಉದ್ದದ ಕಾಗದ ಹಾಸಿ, ಗೆರೆ ಎಳೆದು, ಒಂದೊಂದು ಸ್ವರವನ್ನೂ ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದರು. ಆಮೇಲೆ ಕೊರೆದು, ಯಂತ್ರಕ್ಕೆ ಹಾಕಿ ಕೇಳಿ, ತಿದ್ದುತ್ತಿದ್ದರು. ಒಂದು ತೂತು ಕೂದಲಿನಷ್ಟು ಮೊದಲೇ ಮುಗಿದರೆ ಸ್ವರ ಕುಣಿಯುತ್ತದೆ, ಉದ್ದವಾದರೆ ಎಳೆದಂತಾಗುತ್ತದೆ. ಯಾವಾಗ ಟ್ರಂಪೆಟ್ ಸಾಲು ತೆರೆಯಬೇಕು, ಯಾವಾಗ ಕೊಳವೆಪೆಟ್ಟಿಗೆಯ ಮುಂದಿನ ಬಾಗಿಲು ಮುಚ್ಚಿ ಸದ್ದು ತಗ್ಗಿಸಬೇಕು, ಎಲ್ಲಕ್ಕೂ ಬೇರೆ ತೂತು.

ಇನ್ನೂ ಕಷ್ಟದ್ದು ಅಂದರೆ ಜಾತ್ರೆಗಳಲ್ಲಿ, ಬೀದಿಗಳಲ್ಲಿ ನುಡಿಯುವ ಆರ್ಗನ್. ಅದರಲ್ಲಿ ಎಲ್ಲ ಸ್ವರ ಇರುವುದೇ ಇಲ್ಲ. ರಾಗದ ಭಾಗಕ್ಕೆ ಸ್ವರಗಳು ಸಾಕಷ್ಟಿದ್ದರೂ ಕೆಳಗಿನ ಬಾಸ್ ಭಾಗಕ್ಕೆ ಕೆಲವೇ ಕೊಳವೆ. ಇಲ್ಲದ ಸ್ವರವನ್ನು ಕೇಳುಗರಿಗೆ ಗೊತ್ತಾಗದ ಹಾಗೆ ದಾಟಿಸಬೇಕು. 1892ರಲ್ಲಿ ಗಾವಿಯೋಲಿಯವರು ಉರುಳೆ ಬಿಟ್ಟು ಮಡಚುವ ರಟ್ಟಿನ ಪುಸ್ತಕ ತಂದ ಮೇಲೆ ಹೊಸ ಹಾಡು ಬಂದ ಕೂಡಲೇ ಆರ್ಗನ್‌ಗೆ ಜೋಡಿಸುವುದು ಸಾಧ್ಯವಾಯಿತು. ಜೋಡಿಸುವವರ ಸಂಖ್ಯೆಯೂ ಬೆಳೆಯಿತು. ಆದರೆ ಬಹುಪಾಲು ಸುರುಳಿ, ಪುಸ್ತಕಗಳ ಮೇಲೆ ಅವರ ಹೆಸರೇ ಇಲ್ಲ. ಕಂಪನಿಯ ಹೆಸರು, ಹಾಡಿನ ಹೆಸರು ಅಷ್ಟೇ.

ನನಗೆ ಇನ್ನೊಂದು ಖಚಿತವಾಗಿ ಅನ್ನಿಸುತ್ತದೆ. ಈ ಯಂತ್ರಗಳು ಆರ್ಕೆಸ್ಟ್ರಾವನ್ನು ಅನುಕರಿಸಲು ಹೊರಟಾಗಿನದಕ್ಕಿಂತ, ಅನುಕರಣೆ ಬಿಟ್ಟಾಗ ಹೆಚ್ಚು ಚೆನ್ನಾಗಿ ನುಡಿದವು. ವೆಬರ್ ಕಂಪನಿಯ 1926ರ ಮಾಯೆಸ್ಟೋ ಆರ್ಕೆಸ್ಟ್ರಿಯನ್ ಕೇಳಿ. ಸಿಂಫನಿಯ ಆಸೆ ಬಿಟ್ಟು ಆ ಕಾಲದ ನೃತ್ಯಸಂಗೀತಕ್ಕೆ ಹೊಂದಿಕೊಂಡಿದೆ. ಕ್ಲಾರಿನೆಟ್ಟೂ ಕ್ಸೈಲೋಫೋನೂ ಒಂದರ ಮಾತಿಗೆ ಒಂದು ಉತ್ತರ ಕೊಡುತ್ತವೆ. ಆಂಟ್ವರ್ಪ್‌ನ ಮಾರ್ಟಿಯೆ ಕಂಪನಿಯ ನೃತ್ಯದ ಆರ್ಗನ್‌ಗಳಿಗೂ ಇದೇ ಮಾತು. ಅವುಗಳಿಗೆ ತಮ್ಮದೇ ದನಿ ಇದೆ.

ಐಂಡ್‌ಹೋವನ್ ಕನ್ನಡಿಗ

ಬೀದಿ ಆರ್ಗನ್ ಇಲ್ಲಿ ಇನ್ನೂ ಜೀವಂತ. ಶನಿವಾರ ಪೇಟೆ ಬೀದಿಯಲ್ಲಿ ನಿಲ್ಲಿಸಿರುತ್ತಾರೆ. ಪಕ್ಕದಲ್ಲಿ ನಿಂತವರು ಹಿತ್ತಾಳೆ ಡಬ್ಬಿಯಲ್ಲಿ ಚಿಲ್ಲರೆಯನ್ನು ತಾಳಕ್ಕೆ ಸರಿಯಾಗಿ ಕುಲುಕುತ್ತಾರೆ. ಮಕ್ಕಳು ಕುಣಿಯುತ್ತಾರೆ.

ಮಲೆನಾಡ ಮಳೆ

ಇಷ್ಟು ಚೆನ್ನಾಗಿದ್ದದ್ದು ನಿಂತಿದ್ದು ಯಾಕೆ? ಗ್ರಾಮಫೋನ್ ಬಂತು ಅಂತಲೇ?

ಹಳೇ ರೇಡಿಯೋ

ಹಳೇ ಗ್ರಾಮಫೋನಿನಿಂದ ಅಲ್ಲ. ಅದರ ಸದ್ದು ಒಂದು ಕೋಣೆಗೆ ಮಾತ್ರ ಸಾಕಾಗುತ್ತಿತ್ತು, ಗದ್ದಲದ ಹಾಲ್ ತುಂಬುತ್ತಿರಲಿಲ್ಲ. 1925ರ ಸುಮಾರಿಗೆ ಮೈಕ್ ಇಟ್ಟು ರೆಕಾರ್ಡ್ ಮಾಡುವುದು, ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಬಂದವು. ರೇಡಿಯೋ ಬಂತು. 1929ರ ಆರ್ಥಿಕ ಕುಸಿತ ಉಳಿದದ್ದನ್ನು ಮುಗಿಸಿತು. ಆಮೇಲೆ ಅದೇ ಜಾಗದಲ್ಲಿ ಕಾಸು ಹಾಕಿದರೆ ರೆಕಾರ್ಡ್ ನುಡಿಸುವ ಜೂಕ್‌ಬಾಕ್ಸ್ ಕೂತಿತು. 1944ರ ನವೆಂಬರ್‌ನ ಬಾಂಬ್ ದಾಳಿಯಲ್ಲಿ ಫ್ರೈಬುರ್ಗ್‌ನ ವೆಲ್ಟೆ ಕಾರ್ಖಾನೆ ನಾಶವಾಯಿತು.

ಉಳಿದವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸ್ವಿಟ್ಜರ್ಲೆಂಡಿನ ಸೇವೆನ್ ಊರಿನ ಮ್ಯೂಸಿಯಂನಲ್ಲಿರುವ ವೆಲ್ಟೆ ಫಿಲ್ಹಾರ್ಮೋನಿಕ್ ಆರ್ಗನ್. 2007ರಲ್ಲಿ ರಿಪೇರಿಗೆ ಬಿಚ್ಚಿದಾಗ ಒಳಗಿನ ಮರದ ಮೇಲೆ ಬ್ರಿಟಾನಿಕ್ ಅಂತ ಬರೆದಿದ್ದು ಸಿಕ್ಕಿತು. ಟೈಟಾನಿಕ್‌ನ ತಂಗಿ ಹಡಗು ಅದು. ಯುದ್ಧ ಬಂದು ಹಡಗು ಆಸ್ಪತ್ರೆ ಹಡಗಾಯಿತು, 1916ರಲ್ಲಿ ಮುಳುಗಿತು. ಆರ್ಗನ್ ಹಡಗು ಹತ್ತದ ಕಾರಣ ಉಳಿಯಿತು.

ಧಾರವಾಡದ ತಿದಿ

ನಮಸ್ಕಾರ್ರಿ ಎಲ್ಲರಿಗೂ. ನಾನು ಹಾರ್ಮೋನಿಯಂ ರಿಪೇರಿ ಮಾಡುವವ. ಈ ಚರ್ಚೆ ಪೂರ್ತಿ ಓದಿದೆ. ಗೇರ್ ಪೆಟ್ಟಿಗೆ ಸರ್ ಹೇಳಿದ ಆ ಚರ್ಮದ ಪೊರೆ ಮೇಲೆ ನನ್ನ ಮನಸ್ಸು ನಿಂತಿದೆ. ನಮ್ಮ ತಿದಿಯ ಮಡಿಕೆಯಲ್ಲಿ ಚರ್ಮ ಸೀಳಿದರೆ ಒಂದೆರಡು ಕಡೆ ತೇಪೆ ಹಾಕಿದರೆ ಮುಗಿಯಿತು. ಇಲ್ಲಿ ಸ್ವರಕ್ಕೊಂದು ಪೊರೆ ಅಂದರೆ ಎಷ್ಟು ಕೆಲಸ ಇರಬೇಕು! ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅವರು ಯಾವ ಅಂಟು ಹಾಕುತ್ತಾರೆ?

ಇನ್ನೊಂದು. ಹಳೇ ಸಾಮಾನಿನ ಅಂಗಡಿಯಲ್ಲಿ ನನಗೆ ತೂತಿನ ಕಾಗದದ ಒಂದು ಸುರುಳಿ ಸಿಕ್ಕಿದೆ. ಇದು ಆರ್ಕೆಸ್ಟ್ರಿಯನ್‌ದೇ ಇರಬಹುದಾ? ಹೇಗೆ ಗುರುತಿಸುವುದು?

ಗೇರ್ ಪೆಟ್ಟಿಗೆ

ಸರ್, ನಿಮ್ಮಂಥವರು ಬಂದದ್ದು ಖುಷಿ. ಅಂಟು ಪ್ರಾಣಿಯ ಚರ್ಮ, ಎಲುಬು ಕುದಿಸಿ ಮಾಡಿದ ಹಳೇ ಮರಗೆಲಸದ ಅಂಟೇ. ಬಿಸಿ ಮಾಡಿ ಹಚ್ಚುತ್ತಾರೆ. ಶಾಖ, ತೇವ ಕೊಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ, ಮರ ಹಾಳಾಗುವುದಿಲ್ಲ. ಮುಂದೆ ಇನ್ನೊಬ್ಬರು ಇದನ್ನು ಬಿಚ್ಚಬೇಕಾಗುತ್ತದೆ ಅಂತ ಯೋಚಿಸಿಯೇ ಒಳ್ಳೆ ರಿಪೇರಿಯವರು ಅದನ್ನು ಬಿಡುವುದಿಲ್ಲ. ಬಿಳಿ ಫೆವಿಕಾಲ್ ಥರದ ಅಂಟು ಹಾಕಿದ ಯಂತ್ರ ಬಿಚ್ಚುವಾಗ ಮರವೇ ಕಿತ್ತು ಬರುತ್ತದೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸುರುಳಿಯ ಅಗಲ ಅಳೆಯಿರಿ. ಆಮೇಲೆ ಅಡ್ಡಕ್ಕೆ ಒಂದು ಇಂಚಿನಲ್ಲಿ ಎಷ್ಟು ತೂತಿನ ಸಾಲು ಬರುತ್ತದೆ ಎಣಿಸಿ. ಶುರುವಿನ ಕಾಗದದಲ್ಲಿ ಏನಾದರೂ ಅಚ್ಚಾಗಿದೆಯಾ ನೋಡಿ.

ಧಾರವಾಡದ ತಿದಿ

ಅಗಲ ಹನ್ನೊಂದೂ ಕಾಲು ಇಂಚು. ಒಂದು ಇಂಚಿಗೆ 9 ಸಾಲು. ಶುರುವಿನಲ್ಲಿ ಟೆಂಪೋ 80 ಅಂತ ಅಚ್ಚು ಇದೆ ನೋಡ್ರಿ.

ಗೇರ್ ಪೆಟ್ಟಿಗೆ

ಹಾಗಾದರೆ ಅದು 88 ಸ್ವರದ ಪ್ಲೇಯರ್ ಪಿಯಾನೋ, ಅಂದರೆ ತಾನೇ ನುಡಿಯುವ ಪಿಯಾನೋದ ಸುರುಳಿ. ಆರ್ಕೆಸ್ಟ್ರಿಯನ್ ಕಂಪನಿಗಳು ಒಂದೊಂದೂ ತಮ್ಮದೇ ಅಳತೆ ಇಟ್ಟುಕೊಂಡಿದ್ದವು, ಒಬ್ಬರ ಸುರುಳಿ ಇನ್ನೊಬ್ಬರ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಪಿಯಾನೋದವರು ಮಾತ್ರ 1908ರಲ್ಲಿ ಅಮೆರಿಕದ ಬಫಲೋದಲ್ಲಿ ಸಭೆ ಸೇರಿ, 11¼ ಇಂಚು ಅಗಲ, ಇಂಚಿಗೆ 9 ತೂತು ಅಂತ ಒಪ್ಪಿಕೊಂಡರು. ಅದಕ್ಕೂ ಹಳೆಯ 65 ಸ್ವರದ ಸುರುಳಿಯ ಅಗಲವೂ ಇಷ್ಟೇ, ಆದರೆ ಇಂಚಿಗೆ 6 ಸಾಲು.

ಟೆಂಪೋ 80 ಅಂದರೆ ಕಾಗದ ನಿಮಿಷಕ್ಕೆ 8 ಅಡಿ ಓಡಬೇಕು. ಇದು ಶುರುವಿನ ವೇಗ. ಸುತ್ತಿಕೊಳ್ಳುವ ಕಡೆ ಕಾಗದ ಸೇರುತ್ತಾ ಸುರುಳಿ ದಪ್ಪವಾಗುತ್ತದೆ, ಹಾಗಾಗಿ ಕೊನೆಗೆ ಬರುವಷ್ಟರಲ್ಲಿ ಕಾಗದ ಇನ್ನೂ ಬೇಗ ಓಡುತ್ತಿರುತ್ತದೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನುಡಿಸುವುದಾದರೆ ಈ ಏರಿಕೆಯನ್ನು ಲೆಕ್ಕಕ್ಕೆ ತಗೊಳ್ಳಿ, ಇಲ್ಲದಿದ್ದರೆ ಹಾಡಿನ ಕೊನೆ ಎಳೆದಂತೆ ಕೇಳುತ್ತದೆ. ರಟ್ಟಿನ ಪುಸ್ತಕದ ಆರ್ಗನ್‌ಗಳಲ್ಲಿ ಈ ತೊಂದರೆ ಇಲ್ಲ, ಅಲ್ಲಿ ರೋಲರುಗಳು ರಟ್ಟನ್ನು ಒಂದೇ ವೇಗದಲ್ಲಿ ಎಳೆಯುತ್ತವೆ.

ಕಾಗದ ಪುಡಿಯಾಗುವಷ್ಟು ಒಣಗಿದ್ದರೆ ಸದ್ಯಕ್ಕೆ ಪೂರ್ತಿ ಬಿಚ್ಚಬೇಡಿ. ಮೊದಲ ಒಂದು ಮೊಳ ಮಾತ್ರ ಫೋಟೋ ತೆಗೆದು ಇಲ್ಲಿ ಹಾಕಿ. ಕಂಪನಿಯ ನಂಬರ್ ಕಂಡರೆ ಯಾವ ಹಾಡು ಅಂತ ನಾವೇ ಹುಡುಕೋಣ.